ಸ್ವಾತಿ ನಕ್ಷತ್ರದ ಕುಲದವರು

ಈ ದಿನಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ, ಮೋಡ ಕವಿದಿರದಿದ್ದರೆ, ಆಕ್ಲೆಂಡಿನ ನಮ್ಮ ನಮ್ಮ ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎದುರು ಸಾಲಿನ ಮನೆಗಳ ಮಾಡಿನ ಮೇಲೆ ಕಿತ್ತಳೆ ಬಣ್ಣದ ಒಂದು ನಕ್ಷತ್ರ ಕಾಣುತ್ತದೆ. ಅದು ನಮ್ಮ ಸ್ವಾತಿ. ಊರಿನಲ್ಲಿ ಕತ್ತೆತ್ತಿ ನೋಡುತ್ತಿದ್ದುದನ್ನು ಇಲ್ಲಿ ನೆಟ್ಟ ನೋಟದಲ್ಲೇ ನೋಡಬಹುದು. ಬೀದರಿನವರಿಗಂತೂ ಅದು ಹೆಚ್ಚುಕಡಿಮೆ ನಡುನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಬೀದರಿಗಿಂತ ಸ್ವಲ್ಪವೇ ಉತ್ತರದ ಅಕ್ಷಾಂಶದಲ್ಲಿರುವ ಹವಾಯಿ ದ್ವೀಪಗಳಲ್ಲಿಯೂ ಹಾಗೆಯೇ. ನಮ್ಮ ಹಿರಿಯರು ಸ್ವಾತಿಯ ಹೆಸರಿನಲ್ಲಿ ಒಂದು ಮಳೆಯನ್ನು ಗುರುತಿಸಿದರು, ಆ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಂಬಿದರು. ಹವಾಯಿಯ ಹಿರಿಯರಿಗೆ ಅದು ಹೋಕೂಲೆಯಾ, ಅಂದರೆ ಸಂತಸದ ನಕ್ಷತ್ರ. ದಕ್ಷಿಣದ ದ್ವೀಪಗಳಿಂದ ವಾರಗಟ್ಟಲೆ ಹಾಯಿ ಬಿಚ್ಚಿ ಬರುತ್ತಿದ್ದ ದೋಣಿಯವರಿಗೆ ಆ ನಕ್ಷತ್ರ ನೆತ್ತಿಯ ಮೇಲೆ ಬಂದಿತೆಂದರೆ ಮನೆಯ ಅಕ್ಷಾಂಶ ಮುಟ್ಟಿದಂತೆ. ಇನ್ನು ಗಾಳಿ ಹಿಡಿದು ಪಶ್ಚಿಮಕ್ಕೆ ತಿರುಗಿದರೆ ನೆಲ ಸಿಗುತ್ತದೆ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹೊಸವರ್ಷ ಮಾತಾರಿಕಿ. ಆ ಹಬ್ಬಕ್ಕೆಂದು ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಂಚಿಕೆಗೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದಾಗ ಹೋಕೂಲೆಯಾ ಎಂಬ ಹೆಸರು ಹೊತ್ತ ಒಂದು ದೋಣಿಯ ಕತೆ ಮತ್ತೆ ಮತ್ತೆ ಮನಸ್ಸಿಗೆ ಬಂತು. ಮಾತಾರಿಕಿ ನಮ್ಮ ಕೃತ್ತಿಕೆಯೇ. 2022ರಿಂದ ಈ ದೇಶದಲ್ಲಿ ಅದಕ್ಕೆ ಸರ್ಕಾರಿ ರಜೆ ಇದೆ. ರಜೆಯನ್ನು ನಾವೆಲ್ಲ ಚೆನ್ನಾಗಿಯೇ ಬಳಸಿಕೊಂಡಿದ್ದೇವೆ. ಆದರೆ ಆ ನಕ್ಷತ್ರಗಳನ್ನು ನಂಬಿ ಮಹಾಸಾಗರವನ್ನು ದಾಟಿದವರ ವಿದ್ಯೆ ಹೇಗೆ ಕೈಬಿಟ್ಟುಹೋಗುವ ಅಂಚಿಗೆ ಬಂದು, ಹೇಗೆ ಉಳಿಯಿತು ಎಂಬುದನ್ನು ನಮ್ಮಲ್ಲಿ ಅನೇಕರು ಕೇಳಿರಲಾರಿರಿ.

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪೆಸಿಫಿಕ್ ಸಾಗರದ ಪಾಲಿನೇಷ್ಯದ ಬಹುಪಾಲು ದ್ವೀಪಗಳಲ್ಲಿ ದೂರಸಾಗರಕ್ಕೆ ಹೋಗುವ ಜೋಡಿದೋಣಿಗಳು ಇಲ್ಲವಾಗಿದ್ದವು. ಹವಾಯಿ, ತಾಹಿತಿ, ಅವುತೇರೋವಾಗಳ (ಮಾವೊರಿಯಲ್ಲಿ ನ್ಯೂಜಿಲೆಂಡಿನ ಹೆಸರು) ನಡುವೆ ಜನ ಬೇಕೆಂದೇ ಹೋಗಿಬಂದಿರಲು ಸಾಧ್ಯವಿಲ್ಲ, ಗಾಳಿಗೆ ಸಿಕ್ಕ ದೋಣಿಗಳು ದಿಕ್ಕು ತಪ್ಪಿ ಆಕಸ್ಮಿಕವಾಗಿ ದಡ ಸೇರಿರಬೇಕು ಎಂದು ನ್ಯೂಜಿಲೆಂಡಿನವರೇ ಆದ ಆಂಡ್ರ್ಯೂ ಶಾರ್ಪ್ 1956ರಲ್ಲಿ ವಾದಿಸಿದ್ದರು. ಅದನ್ನು ಒಪ್ಪಿದ ವಿದ್ವಾಂಸರೂ ಕಡಿಮೆಯಿರಲಿಲ್ಲ. ತಮ್ಮ ಅಜ್ಜಂದಿರು ಇಲ್ಲಿಗೆ ಬಂದದ್ದು ದಾರಿ ತಪ್ಪಿ ಎಂದು ಪರರ ಬಾಯಲ್ಲಿ ಕೇಳುವುದು ಯಾವ ಜನಕ್ಕೂ ಹಿತವಾದ ಮಾತಲ್ಲ. ಇದಕ್ಕೆ ಉತ್ತರವನ್ನು ದೋಣಿ ಕಟ್ಟಿಯೇ ಕೊಡಬೇಕೆಂದು 1973ರಲ್ಲಿ ಮಾನವಶಾಸ್ತ್ರಜ್ಞ ಬೆನ್ ಫಿನ್ನಿ, ಕಲಾವಿದ ಹರ್ಬ್ ಕಾನೆ ಮತ್ತು ಕಡಲ ಕಸುಬು ಬಲ್ಲ ಟಾಮಿ ಹೋಮ್ಸ್ ಸೇರಿ ಹವಾಯಿಯಲ್ಲಿ ಪಾಲಿನೇಷಿಯನ್ ವಾಯೇಜಿಂಗ್ ಸೊಸೈಟಿಯನ್ನು ಸ್ಥಾಪಿಸಿದರು. 1975ರ ಮಾರ್ಚ್ 8ರಂದು ಓವಾಹು ದ್ವೀಪದ ದಡದಲ್ಲಿ ಸುಮಾರು 62 ಅಡಿ ಉದ್ದದ ಹೋಕೂಲೆಯಾ ನೀರಿಗಿಳಿಯಿತು.

ಅದರ ಒಡಲುಗಳು ಪ್ಲೈವುಡ್ ಮತ್ತು ಫೈಬರ್‌ಗ್ಲಾಸಿನವು. ಇದನ್ನು ಕೇಳಿದೊಡನೆ ‘ಹಾಗಾದರೆ ಅದು ಸಾಂಪ್ರದಾಯಿಕ ಹೇಗಾದೀತು?’ ಎಂದು ಮೂಗು ಮುರಿಯುವವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದಾರೆ. ನನಗೆ ಆ ಆಕ್ಷೇಪ ದೊಡ್ಡದೆನಿಸುವುದಿಲ್ಲ. ಆಕಾರ ಹಳೆಯದು, ಹಾಯಿ ಏಡಿಯ ಕೊಂಡಿಯಂತೆ ಬಾಗಿದ ಹಳೆಯ ಮಾದರಿಯದು, ಎರಡು ಒಡಲುಗಳನ್ನು ಜೋಡಿಸುವ ಅಡ್ಡತೊಲೆಗಳನ್ನು ಬಿಗಿದದ್ದು ಹುರಿಯಿಂದ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ನಡೆಸಬೇಕಾಗಿದ್ದುದು ದಿಕ್ಸೂಚಿಯಾಗಲಿ ನಕ್ಷೆಯಾಗಲಿ ಇಲ್ಲದೆ. ಆ ವಿದ್ಯೆ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಕೊನೆಗೆ ಸಿಕ್ಕಿದವರು ಮೈಕ್ರೋನೇಷ್ಯದ ಸತಾವಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಲುಗ್.

ಮೌ ಅವರನ್ನು ಅವರ ಅಜ್ಜ ಎಳೆಯ ಮಗುವಾಗಿದ್ದಾಗಲೇ ಬಂಡೆಗಳ ನಡುವಿನ ಕಡಲ ಗುಂಡಿಗಳಲ್ಲಿ ಬಿಟ್ಟು, ನೀರು ಮೈಯನ್ನು ತಳ್ಳುವ ಬಗೆ ತಿಳಿಯಲಿ ಎಂದು ಅಭ್ಯಾಸ ಮಾಡಿಸಿದ್ದರಂತೆ. ದೊಡ್ಡವರಾದ ಮೇಲೆ ಅವರು ದೋಣಿಯ ಒಡಲಿನಲ್ಲಿ ಮಲಗಿ, ಯಾವ ಉಬ್ಬಲೆ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಬೆನ್ನಿನಿಂದಲೇ ಅರಿಯಬಲ್ಲವರಾಗಿದ್ದರು. ಇಂಥ ವಿದ್ಯೆ ಅವರ ನಾಡಿನಲ್ಲಿ ಮನೆತನಗಳೊಳಗೇ ಉಳಿಯಬೇಕಾದುದು, ಹೊರಗಿನವರಿಗೆ ಕೊಡತಕ್ಕದ್ದಲ್ಲ. ಕೊಟ್ಟರೆಂದು ಅವರನ್ನು ಆಕ್ಷೇಪಿಸಿದವರೂ ಇದ್ದರು. ಆದರೆ ತಮ್ಮ ದ್ವೀಪದ ಹುಡುಗರೇ ಕಲಿಯಲು ಬರುತ್ತಿಲ್ಲ ಎಂಬುದನ್ನು ಮೌ ಕಣ್ಣಾರೆ ಕಾಣುತ್ತಿದ್ದರು. 1976ರ ಮೇ 1ರಂದು ಮಾವಿ ದ್ವೀಪದಿಂದ ಹೊರಟ ಹೋಕೂಲೆಯಾವನ್ನು ಅವರು ಸುಮಾರು 4,000 ಕಿಲೋಮೀಟರ್ ದೂರದ ತಾಹಿತಿಗೆ ನಡೆಸಿದರು. ನೆಲ ಹತ್ತಿರವಾಯಿತೆಂದು ಮೊದಲು ಹೇಳಿದವು ಹಕ್ಕಿಗಳು: ಹಗಲೆಲ್ಲ ಕಡಲಿನಲ್ಲಿ ಮೀನು ಹಿಡಿದು ಸಂಜೆ ಗೂಡಿಗೆ ಮರಳುವ ಬೆಳ್ಳನೆಯ ಕಡಲ ಹಕ್ಕಿಗಳು ಯಾವ ಕಡೆಗೆ ಹಾರುತ್ತವೆಯೋ ಆ ಕಡೆಗೆ ದ್ವೀಪ. ಜೂನ್ 4ರಂದು ಪಪೀತೆಯ ಬಂದರಿನಲ್ಲಿ ಅವರನ್ನು ಎದುರುಗೊಂಡವರ ಸಂಖ್ಯೆ 17,000 ಎಂದು ಅಂದಾಜು.

ಈ ಪಯಣವನ್ನು ಬರೀ ವಿಜಯಯಾತ್ರೆಯೆಂದು ಬಣ್ಣಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ದೋಣಿಯ ಮೇಲೆ ಒಳಜಗಳವಿತ್ತು. ಇದು ವಿಜ್ಞಾನದ ಪ್ರಯೋಗವೇ, ಹವಾಯಿಯ ಜನರ ಸ್ವಂತ ಕಾರ್ಯವೇ, ದೋಣಿಯ ಮೇಲೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗಳು ದಡದಲ್ಲಿ ಬಗೆಹರಿಯದೆ ಕಡಲಿನ ನಡುವೆ ಕೈಕೈ ಮಿಲಾಯಿಸುವವರೆಗೂ ಹೋದವು. ಬೇಸತ್ತ ಮೌ ತಾಹಿತಿಯಿಂದಲೇ ತಮ್ಮ ಊರಿಗೆ ಮರಳಿದರು. ಕೂಟ, ಸಂಘ, ಸಮಿತಿಗಳನ್ನು ನಡೆಸಿ ಅನುಭವವಿರುವ ನಮ್ಮ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಎರಡು ವರ್ಷಗಳ ಬಳಿಕ, 1978ರ ಮಾರ್ಚ್‌ನಲ್ಲಿ, ಎರಡನೆಯ ಪಯಣ ಹೊರಟ ರಾತ್ರಿಯೇ ಬಿರುಗಾಳಿಗೆ ದೋಣಿ ಮಗುಚಿತು. ವೈಮೇಯಾ ಕಡಲತೀರದ ಜೀವರಕ್ಷಕನೂ ಹೆಸರಾಂತ ಸರ್ಫರೂ ಆಗಿದ್ದ ಎಡ್ಡಿ ಐಕಾವ್, ಸಹಾಯ ತರುತ್ತೇನೆಂದು ತನ್ನ ಹಲಗೆಯ ಮೇಲೆ ಒರಗಿ ಕೈಯಿಂದ ನೀರು ಸರಿಸುತ್ತ ಹೋದವನು ಮತ್ತೆ ಕಾಣಿಸಲಿಲ್ಲ. ಉಳಿದವರನ್ನು ಕೋಸ್ಟ್ ಗಾರ್ಡ್‌ನವರು ರಕ್ಷಿಸಿದರು.

ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ಮುಗಿಯದಂತೆ ನೋಡಿಕೊಂಡವರಲ್ಲಿ ನೈನೋವಾ ಥಾಂಪ್ಸನ್ ಎಂಬ ತರುಣರ ಹೆಸರು ಮುಖ್ಯವಾದುದು. ಅವರು ಹೊನೊಲುಲುವಿನ ತಾರಾಲಯದಲ್ಲಿ ನಕ್ಷತ್ರಗಳ ಉದಯಾಸ್ತಗಳನ್ನು ಅಭ್ಯಾಸ ಮಾಡಿದರು, ಮೌ ಅವರ ಬಳಿಗೆ ಹೋಗಿ ಮತ್ತೆ ಬಂದು ಕಲಿಸಬೇಕೆಂದು ಬೇಡಿಕೊಂಡರು. ಮೌ ಬಂದರು. 1980ರಲ್ಲಿ ಥಾಂಪ್ಸನ್ ತಾವೇ ದಿಕ್ಕು ನೋಡಿ ತಾಹಿತಿಗೆ ಹೋಗಿ ಹಿಂದಿರುಗಿದರು. 2007ರಲ್ಲಿ ಹವಾಯಿಯ ಕವೈಹಾಯೆ ಎಂಬಲ್ಲಿ ಶಿಷ್ಯರು ತಮ್ಮ ಕೈಯಿಂದ ಕಟ್ಟಿದ ದೋಣಿಯನ್ನು ಸತಾವಲ್‌ಗೆ ಒಯ್ದು ಗುರುದಕ್ಷಿಣೆಯಾಗಿ ಮೌ ಅವರಿಗೆ ಒಪ್ಪಿಸಿದರು; ಅದೇ ಸಂದರ್ಭದಲ್ಲಿ ಅವರು ಹವಾಯಿಯ ಐವರಿಗೆ ದಿಕ್ಕುಗಾರರ ದೀಕ್ಷೆ ಕೊಟ್ಟರು. 2010ರಲ್ಲಿ ಮೌ ತೀರಿಕೊಂಡರು.

ನಮ್ಮ ಈ ನೆಲಕ್ಕೆ ಹೋಕೂಲೆಯಾ ಬಂದದ್ದು 1985ರ ಡಿಸೆಂಬರ್‌ನಲ್ಲಿ. ವೈತಾಂಗಿಯಲ್ಲಿ ಅದನ್ನು ಸ್ವಾಗತಿಸಿದ ಮಾವೊರಿ ಹಿರಿಯ ಸರ್ ಜೇಮ್ಸ್ ಹೆನಾರೆ, ಉತ್ತರ ನಾಡಿನ ಐದು ಕುಲಗಳವರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಪೂರ್ವಿಕರು ಬಂದ ದೋಣಿಯಿಂದ, ನೀವೂ ದೋಣಿಯಲ್ಲೇ ಬಂದಿದ್ದೀರಿ, ಆದ್ದರಿಂದ ನೀವು ಆರನೆಯ ಕುಲ ಎಂಬ ಆಶಯದ ಮಾತನ್ನಾಡಿದರು. ಆ ಕುಲಕ್ಕೆ ಇಟ್ಟ ಹೆಸರು ನ್ಗಾತಿ ರುವಾವಾಹಿಯಾ. ರುವಾವಾಹಿಯಾ ಎಂದರೆ ಮಾವೊರಿಯಲ್ಲಿ ಸ್ವಾತಿ.

ಅದರ ಫಲವೂ ಬೇಗನೆ ಕಂಡಿತು. ಸೇತುವೆ ಕಟ್ಟುವುದನ್ನು ಕಸುಬಾಗಿಸಿಕೊಂಡಿದ್ದ ಹೆಕೆನುಕುಮಾಯಿ ಬಸ್ಬಿ ಆ ದೋಣಿಯಿಂದ ಪ್ರೇರಿತರಾಗಿ ದೋಣಿ ಕಟ್ಟಲು ತೊಡಗಿದರು. ಕೌರಿ ಮರದಲ್ಲಿ ಅವರು ಕಟ್ಟಿದ ತೆ ಔರೆರೆ 1992ರಲ್ಲಿ ಕುಕ್ ದ್ವೀಪಗಳ ರಾರೊತೋಂಗಾಕ್ಕೆ ಹೋಗಿಬಂತು. 2012ರಲ್ಲಿ ಇನ್ನೊಂದು ದೋಣಿಯ ಜೊತೆಗೂಡಿ ಆಕ್ಲೆಂಡಿನಿಂದ ಹೊರಟು, ನಾವು ಈಸ್ಟರ್ ದ್ವೀಪ ಎಂದು ಓದಿದ ರಾಪಾ ನುಯಿಯನ್ನು ಮುಟ್ಟಿತು. ಹೋಕೂಲೆಯಾದ ತಂಗಿದೋಣಿಯನ್ನು ನಿರ್ಮಿಸಿದ್ದೂ ನಮ್ಮ ಆಕ್ಲೆಂಡಿನಲ್ಲಿಯೇ. ಅದರ ಹೆಸರು ಹಿಕಿಯನಾಲಿಯಾ, ಎಂದರೆ ನಮ್ಮ ಚಿತ್ತಾ ನಕ್ಷತ್ರ. ಹವಾಯಿಯ ಆಕಾಶದಲ್ಲಿ ಚಿತ್ತಾ ಸ್ವಾತಿಗಳು ಹೆಚ್ಚುಕಡಿಮೆ ಒಟ್ಟಿಗೇ ಉದಯಿಸುವುದರಿಂದ ಈ ಜೋಡಿ ಹೆಸರು. ನಮ್ಮ ರೈತರ ಲೆಕ್ಕದಲ್ಲಿಯೂ ಚಿತ್ತಾ ಮಳೆಯ ಬೆನ್ನಿಗೇ ಸ್ವಾತಿ ಮಳೆ.

ಇಷ್ಟನ್ನು ನಾನು ಓದಿ ತಿಳಿದಿದ್ದೆ. ಕಳೆದ ಬೇಸಿಗೆಯಲ್ಲಿ ಪರಿಚಿತರೊಬ್ಬರು ಜೋಡಿದೋಣಿಯೊಂದರ ದುರಸ್ತಿ ನಡೆಯುತ್ತಿದ್ದ ಕಡಲಂಚಿನ ಕೊಟ್ಟಿಗೆಗೆ ಕರೆದೊಯ್ದರು. ನೋಡಲು ಹೋದವನ ಕೈಗೆ ಹತ್ತೇ ನಿಮಿಷದಲ್ಲಿ ಹುರಿಯ ಸುರುಳಿ ಬಂತು. ಅಲ್ಲಿನ ಹಿರಿಯರನ್ನು ಎಲ್ಲರೂ ‘ಮಾತುವಾ’ ಎನ್ನುತ್ತಿದ್ದರು. ನಾವು ಅಪ್ಪನ ವಯಸ್ಸಿನವರನ್ನು ದೊಡ್ಡಪ್ಪ ಎಂದಂತೆ. ಅಡ್ಡತೊಲೆಯನ್ನು ಒಡಲಿನ ಅಂಚಿಗೆ ಬಿಗಿಯುವ ಕೆಲಸ ಇಬ್ಬರದು: ಒಬ್ಬರು ಮರದ ಸುತ್ತಿಗೆಯ ಹಿಡಿಗೆ ಹುರಿಯನ್ನು ಸುತ್ತಿಕೊಂಡು ಮೈಭಾರ ಬಿಟ್ಟು ಎಳೆಯುವಾಗ ಇನ್ನೊಬ್ಬರು ಹೆಬ್ಬೆರಳಿನಿಂದ ಸುತ್ತನ್ನು ಅದುಮಿ ಹಿಡಿಯಬೇಕು, ಸುತ್ತುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕದಲ್ಲಿ ಕೂರಬೇಕು. ನಾನು ಹಿಡಿದ ನಾಲ್ಕನೆಯ ಸುತ್ತು ಮೂರನೆಯದರ ಮೇಲೆ ಹತ್ತಿತ್ತು. ಮಾತುವಾ ಬಂದು ಬೆರಳಿನಿಂದ ಹುರಿಯನ್ನು ಮೀಟಿದರು. ಅದು ‘ಟಪ್’ ಎಂದಿತು. ಪಕ್ಕದ ಜೋಡಿಯ ಹುರಿ ಮೀಟಿದಾಗ ತಂಬೂರಿಯ ತಂತಿಯಂತೆ ನುಡಿದಿತ್ತು. ಏನೂ ಹೇಳದೆ ಅವರು ನಮ್ಮದನ್ನು ಪೂರ್ತಿ ಬಿಚ್ಚಿದರು. ಹೀಗೆ ಮೂರು ಸಲ.

ಊಟದ ಹೊತ್ತಿಗೆ, ಬೋಲ್ಟು ಹಾಕಿದ್ದರೆ ಅರ್ಧ ಗಂಟೆಯ ಕೆಲಸವಲ್ಲವೇ ಎಂದು ಕೇಳಿದೆ. ಬೋಲ್ಟು ಹಾಕಿದ ಜೋಡಣೆ ಅಲೆಗೆ ಮಣಿಯದೆ ಮರವನ್ನು ಸೀಳುತ್ತದೆ, ಹುರಿ ಬಿಗಿದ ಜೋಡಣೆ ಅಲೆಯೊಂದಿಗೆ ಮಿಸುಕಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ ಎಂದರು. ಹಿಂದೆ ತೆಂಗಿನ ನಾರಿನಿಂದ ಹೊಸೆದ ಹುರಿ, ಈಗ ಹೆಚ್ಚಾಗಿ ಕೃತಕ ನೂಲಿನದು. ಯಾವುದಾದರೂ ಕೆಲವು ವರ್ಷಗಳಿಗೊಮ್ಮೆ ದೋಣಿಯನ್ನು ದಡಕ್ಕೆಳೆದು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಲೇಬೇಕು. ಆ ಮಾತು ಕೇಳಿದಾಗ ನನಗೊಂದು ವಿಷಯ ಹೊಳೆಯಿತು. ಈ ದೋಣಿ ಎಂದೂ ಕಟ್ಟಿ ಮುಗಿಯುವುದಿಲ್ಲ. ಮುಗಿಯದ ಕಾರಣಕ್ಕೇ ಪ್ರತಿ ಸಲ ಹತ್ತಾರು ಹೊಸ ಕೈಗಳು ಬೇಕಾಗುತ್ತವೆ, ಹೊಸ ಕೈಗಳು ಬಂದದ್ದರಿಂದಲೇ ವಿದ್ಯೆ ಉಳಿದಿದೆ.

ಕಟ್ಟಿ ಮುಗಿಸಿ ಇಟ್ಟ ದೋಣಿಯ ಗತಿಯನ್ನು ವೈತಾಂಗಿಯಲ್ಲಿ ಕಾಣಬಹುದು. ಅಲ್ಲಿರುವ 35 ಮೀಟರ್ ಉದ್ದದ ಯುದ್ಧದೋಣಿ ನ್ಗಾತೋಕಿಮತಾಫಾವೊರುವಾ, ಮಾವೊರಿಗಳಿಗೂ ಬ್ರಿಟಿಷರಿಗೂ ನಡುವೆ ಅಲ್ಲಿ ಆದ ಒಪ್ಪಂದದ ನೂರನೆಯ ವರ್ಷವಾದ 1940ರಲ್ಲಿ, ಮಾವೊರಿ ನಾಯಕಿ ತೆ ಪುಯೆಯಾ ಹೇರಂಗಿ ಅವರ ಪ್ರೇರಣೆಯಿಂದ ನಿರ್ಮಾಣವಾಗಿ ನೀರಿಗಿಳಿಯಿತು. ಆಮೇಲೆ 1974ರಲ್ಲಿ ಎಲಿಜಬೆತ್ ರಾಣಿಯ ಭೇಟಿಗಾಗಿ ದುರಸ್ತಿಯಾಗುವವರೆಗೆ ಅದು ದಡದಲ್ಲೇ ಇತ್ತು. ಈಗ ಒಪ್ಪಂದದ ದಿನವಾದ ಪ್ರತಿ ಫೆಬ್ರವರಿ 6ರಂದು ಅದು ನೀರಿಗಿಳಿಯುತ್ತದೆ, ಅದಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹುಟ್ಟು ಹಾಕಬೇಕು. ಅಷ್ಟು ಜನರನ್ನು ಒಂದೇ ತಾಳಕ್ಕೆ ತರಲು ಮೊದಲೇ ಅಭ್ಯಾಸ ನಡೆಯಬೇಕು, ಅವರಿಗೆಲ್ಲ ಅಡುಗೆಯಾಗಬೇಕು.

ಇನ್ನು ಮರದ ಮಾತು. 1990ರ ಸುಮಾರಿಗೆ ಹವಾಯಿಯವರು ಹಳೆಯ ಸಾಮಗ್ರಿಗಳಿಂದಲೇ ಒಂದು ದೋಣಿ ಕಟ್ಟಲು ಕೋವಾ ಮರಕ್ಕಾಗಿ ತಮ್ಮ ಕಾಡುಗಳನ್ನು ತಿಂಗಳುಗಟ್ಟಲೆ ಅಲೆದರು. ಒಡಲು ಕೊರೆಯುವಷ್ಟು ದೊಡ್ಡದಾದ, ಟೊಳ್ಳಾಗದ ಒಂದು ಮರವೂ ಸಿಗಲಿಲ್ಲ. ಕಡೆಗೆ ಅಲಾಸ್ಕದ ಮೂಲನಿವಾಸಿಗಳು ಸುಮಾರು 400 ವರ್ಷದ ಎರಡು ಸ್ಪ್ರೂಸ್ ಮರಗಳನ್ನು ಉಡುಗೊರೆಯಾಗಿ ಕೊಟ್ಟರು. ತಮ್ಮ ಕಾಡನ್ನು ಕಳೆದುಕೊಂಡು ಇನ್ನೊಬ್ಬರ ಕಾಡಿನ ಮರವನ್ನು ಕಡಿಯುವುದು ಹೇಗೆಂದು ಹವಾಯಿಯವರು ಹಿಂಜರಿದು, ಕೋವಾ ಸಸಿಗಳನ್ನು ನೆಡಲು ಆರಂಭಿಸಿದರು. 1993ರಲ್ಲಿ ಹವಾಯಿಲೋವಾ ದೋಣಿ ನೀರಿಗಿಳಿಯಿತು. ಆ ಸಸಿಗಳು ದೋಣಿಯ ಮರವಾಗಲು ಇನ್ನೂ ಹಲವು ತಲೆಮಾರು ಬೇಕು.

ಕರ್ನಾಟಕದ ಕರಾವಳಿಯಿಂದಲೂ ಇತ್ತೀಚೆಗೆ ಇದಕ್ಕೆ ಹತ್ತಿರದ ಸುದ್ದಿ ಬಂದಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಕದಂಬರ ಗಂಡಭೇರುಂಡವಿದೆ. ನೋಡಿ ಹಿಗ್ಗಿದೆ. ಹೊಲಿದವರು ಕೇರಳದ ಕುಶಲಕರ್ಮಿಗಳು, ವೆಚ್ಚ ಸರ್ಕಾರದ್ದು. ಆದರೆ ಆ ಹೊಲಿಗೆಯನ್ನು ಕಾರವಾರದ ಇಪ್ಪತ್ತು ಹುಡುಗ ಹುಡುಗಿಯರು ಕಲಿತು, ಬಿಚ್ಚಿ, ಮತ್ತೆ ಹೊಲಿಯುವ ದಿನ ಬಂದರೆ ಆಗ ಇನ್ನೂ ಹೆಚ್ಚು ಹಿಗ್ಗುತ್ತೇನೆ.

ನಮ್ಮ ಕೂಟದ ಬಗ್ಗೆಯೂ ಒಂದು ಮಾತು, ಯಾರೂ ನೊಂದುಕೊಳ್ಳಬಾರದು. ರಾಜ್ಯೋತ್ಸವಕ್ಕೆ ಮುನ್ನೂರು ಕುರ್ಚಿ ಹಾಕುತ್ತೇವೆ, ಕುರ್ಚಿ ಹಾಕುವವರು ಮಾತ್ರ ಪ್ರತಿವರ್ಷ ಅದೇ ಎಂಟು ಮಂದಿ. ಆ ಕೊಟ್ಟಿಗೆಯಲ್ಲಿ ನಾನು ಕುರ್ಚಿಯನ್ನೇ ಕಾಣಲಿಲ್ಲ. ಕೂರಬೇಕೆನ್ನುವವರು ಹುರಿಯ ಸುರುಳಿಯ ಮೇಲೆ ಕುಳಿತು ಇನ್ನೊಂದು ಸುರುಳಿಯನ್ನು ಬಿಡಿಸುತ್ತಿದ್ದರು.

ಮುಂದಿನ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಒಡಲಿನ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವ ಕೆಲಸವಿದೆ. ಹನ್ನೆರಡು ಮಂದಿಯನ್ನು ಕರೆತರುತ್ತೇನೆಂದು ಮಾತುವಾಗೆ ಮಾತು ಕೊಟ್ಟಿದ್ದೇನೆ. ಈ ಸಂಪಾದಕೀಯ ಅಚ್ಚಿಗೆ ಹೋಗುವ ಹೊತ್ತಿಗೆ ಐವರ ಹೆಸರು ಬಂದಿದೆ. ಮಕ್ಕಳೂ ಬರಬಹುದು, ಹಳೆಯ ಬಟ್ಟೆ ಇರಲಿ. ಸ್ಯಾಂಡ್‌ಪೇಪರು, ಮುಖಗವಸುಗಳನ್ನು ಅವರೇ ಕೊಡುತ್ತಾರೆ. ಮಧ್ಯಾಹ್ನದ ಊಟ ನಮ್ಮದು: ನಲವತ್ತು ಮಂದಿಗೆ ಚಿತ್ರಾನ್ನ, ಮೊಸರನ್ನ. ಮಾತುವಾಗೆ ಖಾರ ಆಗುವುದಿಲ್ಲವಂತೆ, ಅವರ ಪಾಲಿನ ಒಗ್ಗರಣೆಯಲ್ಲಿ ಹಸಿಮೆಣಸಿನಕಾಯಿ ಬೇಡ.