ಮನೆಗೆ ಬಂದು ಫೋಟೋ ಪ್ರಿಂಟರ್ ಜೋಡಿಸಿಕೊಡುವ ಸೇವೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಮನೆಗೆ ಬಂದು ಫೋಟೋ ಪ್ರಿಂಟರಿನ ಸಾಫ್ಟ್‌ವೇರ್ ಹಾಕಿಕೊಡುವ, ಇಷ್ಟು ದಿನ ಪುಕ್ಕಟೆಯಾಗಿದ್ದ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುತ್ತೇವೆ. ಶಿರಸಿ ಪೇಟೆಯೊಳಗೆ 300 ರೂಪಾಯಿ. ಹೊರಗಿನ ಊರುಗಳಿಗೆ ಅದರ ಮೇಲೆ, ಹೋಗಿಬರುವ ಪ್ರತಿ ಕಿಲೋಮೀಟರಿಗೆ 6 ರೂಪಾಯಿ. ಪ್ರಿಂಟರ್ ಒಯ್ಯುವ ದಿನವೇ ನಿಮ್ಮ ಲ್ಯಾಪ್‌ಟಾಪ್ ಅಥವಾ ಸಿಪಿಯು ಅಂಗಡಿಗೆ ತಂದರೆ ಎರಡನ್ನೂ ಜೋಡಿಸಿ, ನಿಮ್ಮದೇ 5 ಫೋಟೋ ಪ್ರಿಂಟ್ ತೆಗೆದು, ನಿಮ್ಮ ಕೈಯಲ್ಲೇ ಒಂದು ಪ್ರಿಂಟ್ ಹೊಡೆಸಿ ಕಳಿಸುತ್ತೇವೆ. ಇದಕ್ಕೆ ಒಂದು ಪೈಸೆಯೂ ಬೇಡ. ಫೋನಿನಲ್ಲಿ ಕೇಳಿದ್ದಕ್ಕೆ ಹೇಳಿಕೊಡುವುದು ಎಂದಿನಂತೆ ಪುಕ್ಕಟೆ.

"ಯಾವಾಗ ಕರೆದರೂ ಬರುತ್ತೇವೆ" ಎಂದು ನಾವೇ ಮಾತು ಕೊಟ್ಟಿದ್ದೆವು. ಆ ಮಾತು ನಂಬಿ ಕೊಂಡವರ ಕ್ಷಮೆ ಕೇಳುತ್ತೇವೆ. ಈ ತಿಂಗಳ ಕೊನೆಯೊಳಗೆ ನಮ್ಮಲ್ಲಿ ಕೊಂಡ ಪ್ರತಿ ಪ್ರಿಂಟರಿಗೂ, ವಾರಂಟಿ ಇರುವವರೆಗೆ, ಇನ್ನೊಂದು ಭೇಟಿ ಪುಕ್ಕಟೆಯಾಗಿ ಮಾಡುತ್ತೇವೆ. ಬಿಲ್ಲು ಕಳೆದಿದ್ದರೂ ತೊಂದರೆಯಿಲ್ಲ, ನಮ್ಮ ಪುಸ್ತಕದಲ್ಲಿ ಬರೆದಿದೆ.

ಆದರೆ "ದುಡ್ಡಿನ ಆಸೆ ಹತ್ತಿದೆ" ಎಂಬ ಮಾತು ಕಿವಿಗೆ ಬಿದ್ದಿದೆ. ಅದಕ್ಕೆ ಲೆಕ್ಕ ಹೇಳಲೇಬೇಕು. ಸಿದ್ದಾಪುರದಾಚೆಯ ಒಂದು ಮನೆಗೆ ಹೋಗಿಬಂದರೆ 80 ಕಿಲೋಮೀಟರು. ಬೈಕಿಗೆ 2 ಲೀಟರ್ ಪೆಟ್ರೋಲ್ ಬೇಕು, ಲೀಟರಿಗೆ 100 ರೂಪಾಯಿ ದಾಟಿದೆ. ಅರ್ಧ ದಿನ ಅಲ್ಲೇ ಹೋಗುತ್ತದೆ. ಆನ್‌ಲೈನ್ ದರದ ಎದುರು ನಿಂತು ಪ್ರಿಂಟರ್ ಮಾರಿದರೆ ಉಳಿಯುವ ದುಡ್ಡು ಎರಡನೇ ಭೇಟಿಗೇ ಮುಗಿಯುತ್ತದೆ. ಆನ್‌ಲೈನಿನಲ್ಲಿ ತರಿಸಿದ ಪ್ರಿಂಟರುಗಳನ್ನೂ ಇಷ್ಟು ದಿನ ಜೋಡಿಸಿಕೊಟ್ಟಿದ್ದೇವೆ, ನಿಮ್ಮಲ್ಲಿ ಹಲವರಿಗೆ ಅದು ಗೊತ್ತು.

ಕರೆಗಳು ಹೆಚ್ಚಿದ್ದಕ್ಕೂ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆ ಹೊತ್ತಿಗೆ ಬಹಳ ಜನ ವಿಂಡೋಸ್ 11ಕ್ಕೆ ಬದಲಾಯಿಸಿಕೊಂಡರು. ಇದಲ್ಲದೆ ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು (ಕಂಪ್ಯೂಟರಿನ ಮಾತು ಪ್ರಿಂಟರಿಗೆ ತಿಳಿಸುವ ಸಾಫ್ಟ್‌ವೇರ್) ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಪ್ರಕಟಿಸಿತ್ತು. ವಿಂಡೋಸಿನದೇ ಸಾಮಾನ್ಯ ಡ್ರೈವರಿಗೆ ಮೊದಲ ಮಣೆ ಕೊಡುವುದೂ ಆ ಯೋಜನೆಯ ಭಾಗ. ಆ ಡ್ರೈವರಿನಲ್ಲಿ ಪತ್ರ, ಪಹಣಿ, ಬಿಲ್ಲು ಚೆನ್ನಾಗಿಯೇ ಬರುತ್ತವೆ. ಫೋಟೋಗೆ ಬೇಕಾದ ಕಾಗದದ ಬಗೆ, ಅಂಚಿಲ್ಲದ (ಬಾರ್ಡರ್‌ಲೆಸ್) ಮುದ್ರಣ, ಬಣ್ಣದ ಹಿಡಿತ ಬಹಳಷ್ಟು ಮಾಡೆಲುಗಳಿಗೆ ಸಿಗುವುದಿಲ್ಲ. "ನಿನ್ನೆಯವರೆಗೆ ಸರಿ ಇತ್ತು, ಇವತ್ತು ಗ್ಲಾಸಿ (ಹೊಳಪಿನ) ಪೇಪರಿನ ಆಯ್ಕೆಯೇ ಕಾಣುತ್ತಿಲ್ಲ" ಎಂದು ಬರುವ ಕರೆಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ. ಪ್ರಿಂಟರ್ ಕೆಟ್ಟಿರುವುದಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಕೇಳಿದ ದೂರು: "ಅಂಗಡಿಯಲ್ಲಿ ತೆಗೆದರೆ ಫೋಟೋ ಚೆಂದ ಬರುತ್ತದೆ, ಅದೇ ಪ್ರಿಂಟರ್ ಮನೆಗೆ ತಂದರೆ ಕಪ್ಪು, ಇಲ್ಲವೇ ಕೆಂಪು. ಒಳ್ಳೆಯ ಸಾಫ್ಟ್‌ವೇರ್ ನೀವಿಟ್ಟುಕೊಂಡು ನಮಗೆ ಬೇರೆ ಹಾಕಿಕೊಡುತ್ತೀರಿ." ಈ ಮಾತು ನೋಯಿಸಿದೆ. ನಮ್ಮ ಕೌಂಟರಿನ ಎಪ್ಸನ್ ಎಲ್805ಕ್ಕೆ ಇರುವುದು ಕಂಪನಿಯ ಜಾಲತಾಣದಲ್ಲಿ ಯಾರಿಗೂ ಪುಕ್ಕಟೆಯಾಗಿ ಸಿಗುವ ಡ್ರೈವರ್, ಮತ್ತು ಎಪ್ಸನ್ ಫೋಟೋ ಪ್ಲಸ್ ಎಂಬ ಫೋಟೋ ಪ್ರಿಂಟ್ ತೆಗೆಯುವ ಪ್ರೋಗ್ರಾಮು. ಕ್ಯಾನನ್ ಕೊಂಡವರಿಗೆ ಹಾಕಿಕೊಡುವುದು ಕ್ಯಾನನ್‌ನವರ ಈಸಿ ಫೋಟೋಪ್ರಿಂಟ್ ಎಡಿಟರ್, ಅದೂ ಪುಕ್ಕಟೆ. ಗುಟ್ಟಿನ ಸಾಫ್ಟ್‌ವೇರ್ ಯಾವುದೂ ಇಲ್ಲ. ವ್ಯತ್ಯಾಸ ಬರುವುದು ನಾಲ್ಕಾರು ಜಾಗದಲ್ಲಿ. ಎಲ್ಲವನ್ನೂ ಬಿಡಿಸಿ ಬರೆಯುತ್ತೇವೆ, ಪತ್ರ ಪ್ರಿಂಟರಿನ ಹತ್ತಿರ ಇಟ್ಟುಕೊಳ್ಳಿ.

ಮೊದಲನೆಯದು ಕಾಗದದ ಬಗೆ. ಟ್ರೇಯಲ್ಲಿ ಗ್ಲಾಸಿ ಇಟ್ಟು, ಡ್ರೈವರಿನ ಪೇಪರ್ ಟೈಪಿನಲ್ಲಿ ಪ್ಲೇನ್ ಪೇಪರ್ ಹಾಗೇ ಬಿಟ್ಟರೆ ಪ್ರಿಂಟರ್ ಬಿಳಿ ಹಾಳೆಗೆಂದು ಲೆಕ್ಕ ಹಾಕಿ ಇಂಕು ಸುರಿಯುತ್ತದೆ. ಬಣ್ಣ ಮಂಕಾಗುತ್ತದೆ, ಗೆರೆ ಕಾಣುತ್ತದೆ. ಕ್ಯಾನನ್ ಜಿ2010, ಜಿ3010 ತರಹದವುಗಳಲ್ಲಿ ಕಪ್ಪು ಇಂಕು ಪಿಗ್ಮೆಂಟ್ (ಕಾಗದದ ಮೇಲೆಯೇ ಕೂರುವ ಪುಡಿಬಣ್ಣ), ಉಳಿದ ಮೂರು ಡೈ (ಕಾಗದದೊಳಗೆ ಇಳಿಯುವ ಕರಗಿದ ಬಣ್ಣ). ಪ್ಲೇನ್ ಎಂದಿದ್ದರೆ ಆ ಪಿಗ್ಮೆಂಟ್ ಕಪ್ಪು ಗ್ಲಾಸಿಯ ಮೇಲೆ ಕೂತು, ಬೆರಳು ತಾಗಿದರೆ ಕೂದಲಿನ ಕಪ್ಪೆಲ್ಲ ಕೆನ್ನೆಗೆ ಬರುತ್ತದೆ. ಕಾಗದವನ್ನು ತಿರುವುಮುರುವು ಇಟ್ಟರೂ ಹೀಗೇ. ಒದ್ದೆ ಬೆರಳಿನಿಂದ ಮೂಲೆ ಮುಟ್ಟಿ ನೋಡಿ, ಅಂಟಂಟಾಗುವ ಬದಿಯೇ ಮುದ್ರಣದ ಬದಿ. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಟ್ರೇಯಲ್ಲೇ ಬಿಟ್ಟರೆ ಎರಡೇ ದಿನಕ್ಕೆ ತೇವ ಎಳೆದು ಬಾಗುತ್ತದೆ, ಇಂಕು ಉಗುಳುವ ಹೆಡ್ ಅದರ ಅಂಚಿಗೆ ತಾಗಿ ಕಲೆ ಮಾಡುತ್ತದೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಸಿಲಿಕಾ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಿ.

"ಕಪ್ಪಾಗಿ ಬರುತ್ತದೆ" ಎನ್ನುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಪರದೆ. ಲ್ಯಾಪ್‌ಟಾಪಿನ ಬೆಳಕು ಪೂರ್ತಿ ಏರಿಸಿಟ್ಟು ನೋಡಿದ ಫೋಟೋ ಕಾಗದದ ಮೇಲೆ ಅಷ್ಟು ಬೆಳಗಲು ಸಾಧ್ಯವೇ ಇಲ್ಲ. ಪರದೆಗೆ ಸ್ವಂತ ಬೆಳಕಿದೆ, ಕಾಗದಕ್ಕಿಲ್ಲ. ನಮ್ಮ ಮಾನಿಟರನ್ನು ಅಳೆಯುವ ಉಪಕರಣ ಇಟ್ಟು 100 ಕ್ಯಾಂಡೆಲಾ (ಪರದೆಯ ಬೆಳಕಿನ ಅಳತೆ) ಆಸುಪಾಸಿಗೆ ಇಳಿಸಿದ್ದೇವೆ. ನಿಮಗೆ ಆ ಉಪಕರಣ ಬೇಡ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಯಷ್ಟೇ ಬೆಳಗುವವರೆಗೆ ಬ್ರೈಟ್‌ನೆಸ್ ಇಳಿಸಿ. ನೈಟ್ ಲೈಟ್ ಹಾಕಿದ್ದರೆ ತೆಗೆಯಿರಿ, ಅದು ಪರದೆಯನ್ನೆಲ್ಲ ಹಳದಿ ಮಾಡಿರುತ್ತದೆ. ತೆಗೆದ ಪ್ರಿಂಟನ್ನು ರಾತ್ರಿ ಹಳದಿ ಬಲ್ಬಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. ಬೆಳಿಗ್ಗೆ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ ನೋಡಿ.

ಮುಖ ಕೆಂಪಾಗುವುದು ಬೇರೆ ಕಥೆ. ಫೋಟೋಶಾಪ್ ತರಹದ ಫೋಟೋ ತಿದ್ದುವ ಪ್ರೋಗ್ರಾಮಿನಲ್ಲಿ ಬಣ್ಣದ ಪ್ರೊಫೈಲ್ (ಬಣ್ಣ ಹೇಗೆ ಬರಬೇಕೆಂಬ ಲೆಕ್ಕದ ಫೈಲು) ಆರಿಸಿ, ಪ್ರಿಂಟರಿನ ಡ್ರೈವರಿನಲ್ಲೂ ಬಣ್ಣ ತಿದ್ದುವ ಆಯ್ಕೆ ಬಿಟ್ಟರೆ ಒಂದೇ ಫೋಟೋಗೆ ಎರಡು ಸಲ ತಿದ್ದುಪಡಿ ಬೀಳುತ್ತದೆ. ಎರಡರಲ್ಲಿ ಒಬ್ಬರೇ ತಿದ್ದಬೇಕು. ಮನೆಯ ಕೆಲಸಕ್ಕೆ ನಾವು ಹೇಳುವುದು: ಪ್ರೋಗ್ರಾಮಿನಲ್ಲಿ "ಪ್ರಿಂಟರ್ ಮ್ಯಾನೇಜಸ್ ಕಲರ್ಸ್" ಆರಿಸಿ, ಉಳಿದದ್ದು ಡ್ರೈವರಿಗೆ ಬಿಡಿ. ಕಾಗದಕ್ಕೆ ತಕ್ಕ ಪ್ರೊಫೈಲ್ ಇಟ್ಟುಕೊಂಡು ಕೆಲಸ ಮಾಡುವವರು ಮಾತ್ರ ಇದರ ಉಲ್ಟಾ ಮಾಡಿ, ಡ್ರೈವರಿನಲ್ಲಿ "ನೋ ಕಲರ್ ಅಡ್ಜಸ್ಟ್‌ಮೆಂಟ್" ಇಡಿ.

ಆಮೇಲೆ ಫೋಟೋದ ಮೂಲ. 4×6 ಇಂಚಿಗೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) 1200×1800 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಉದ್ದದ ಬದಿ 1600ರ ಆಸುಪಾಸಿಗೆ ಬರುತ್ತದೆ. 4×6ಕ್ಕೆ ಹೇಗೋ ಸಾಕು, 8×10ಕ್ಕೆ ಹಿಗ್ಗಿಸಿದರೆ ಉಪನಯನದ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನವರ ಮುಖ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ಲಿನಲ್ಲಿ ನಕಲು ಮಾಡಿ. ಐಫೋನಿನ ಎಚ್‌ಇಐಸಿ ಫೈಲು ಹಳೆಯ ಪ್ರಿಂಟ್ ಪ್ರೋಗ್ರಾಮುಗಳಲ್ಲಿ ತೆರೆಯುವುದೇ ಇಲ್ಲ. ಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದೆ ತೆಗೆಯುವವು ಜೆಪೆಗ್ ಆಗುತ್ತವೆ. ತಲೆ ಕತ್ತರಿಸಿಹೋಗುವುದಕ್ಕೂ ಸಾಫ್ಟ್‌ವೇರ್ ಹೊಣೆಯಲ್ಲ. ಫೋನಿನ ಫೋಟೋ 4:3, ಕಾಗದ 3:2. ಕಾಗದ ತುಂಬಿಸಲು ಹೋದರೆ ಗಿಡ್ಡ ಬದಿಯಲ್ಲಿ (ಅಡ್ಡ ಹಿಡಿದು ತೆಗೆದ ಫೋಟೋದಲ್ಲಿ ಮೇಲೆ-ಕೆಳಗೆ) ಒಂಬತ್ತರಲ್ಲಿ ಒಂದು ಪಾಲು ಹೊರಗುಳಿಯುತ್ತದೆ, ಬಾರ್ಡರ್‌ಲೆಸ್‌ ಆದರೆ ಸುತ್ತಲೂ ಇನ್ನೂ ಸ್ವಲ್ಪ. ತೆಗೆಯುವಾಗಲೇ ತಲೆಯ ಮೇಲೆ ಜಾಗ ಬಿಡಿ.

ಇಂಕಿನ ಆರೋಪಕ್ಕೂ ಒಂದು ಮಾತು. "ಇಂಕು ಖರ್ಚಾಗಲಿ ಅಂತಲೇ ಹೆಡ್ ಕ್ಲೀನಿಂಗ್ ಮಾಡಿಸುತ್ತಾರೆ" ಎಂದವರಿದ್ದಾರೆ. ನಾವು ಹೇಳುವುದು ಅದರ ವಿರುದ್ಧ. ಮೊದಲು ನಾಝಲ್ ಚೆಕ್ (ಹೆಡ್ಡಿನ ಇಂಕಿನ ತೂತುಗಳನ್ನು ಪರೀಕ್ಷಿಸುವ ಪುಟ) ತೆಗೆಯಿರಿ, ಗೆರೆ ತುಂಡಾಗಿದ್ದರೆ ಮಾತ್ರ ಒಂದು ಕ್ಲೀನಿಂಗ್, ಮತ್ತೆ ಚೆಕ್. ಮೂರು ಸಲಕ್ಕೂ ಸರಿಯಾಗದಿದ್ದರೆ ನಿಲ್ಲಿಸಿ, 12 ಗಂಟೆ ಬಿಟ್ಟು ನೋಡಿ. ಒಂದರ ಹಿಂದೊಂದು ಹತ್ತು ಸಲ ಮಾಡಿದರೆ ಇಂಕೆಲ್ಲ ಚೆಲ್ಲಿದ ಇಂಕು ಹೀರುವ ವೇಸ್ಟ್ ಪ್ಯಾಡಿಗೆ ಹೋಗುತ್ತದೆ, ಪ್ಯಾಡು ತುಂಬಿದರೆ ಪ್ರಿಂಟರೇ ನಿಲ್ಲುತ್ತದೆ. ಹೆಡ್ ಒಣಗುವುದನ್ನು ತಡೆಯಲು ವಾರಕ್ಕೊಂದು ಬಣ್ಣದ ಪುಟ ಸಾಕು. ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಬೇಡಿ, ಪ್ರಿಂಟರಿನ ಗುಂಡಿಯಲ್ಲೇ ಆಫ್ ಮಾಡಿ. ಆಗ ಮಾತ್ರ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಕರೆಂಟು ಪದೇಪದೇ ಹೋಗುವ ಊರಿನವರು ಇಂಕ್‌ಜೆಟ್ಟನ್ನು ಯುಪಿಎಸ್‌ಗೆ ಹಾಕಬಹುದು. ಲೇಸರ್ ಪ್ರಿಂಟರನ್ನು ಹಾಕಬೇಡಿ, ಅದು ಎಳೆಯುವ ಕರೆಂಟನ್ನು ಮನೆಯ ಸಣ್ಣ ಯುಪಿಎಸ್ ತಡೆಯುವುದಿಲ್ಲ.

ಮನೆಯಲ್ಲೇ ಹಾಕಿಕೊಳ್ಳುವವರಿಗೆ ಕ್ರಮ ಹೇಳುತ್ತೇವೆ. ಡಬ್ಬದ ಸಿಡಿ ಬಿಡಿ, ಅದರಲ್ಲಿರುವುದು ಹಳೆಯದು. ಹೊಸ ಡ್ರೈವರ್ ನೂರಾರು ಎಂಬಿ ಇರುತ್ತದೆ. ನಿಮ್ಮಲ್ಲಿ ಸಿಗ್ನಲ್ ಇಲ್ಲದಿದ್ದರೆ ಪೆನ್‌ಡ್ರೈವ್ ತನ್ನಿ, ಹಾಕಿಕೊಡುತ್ತೇವೆ. ಯುಎಸ್‌ಬಿ ಕೇಬಲ್ಲನ್ನು ಇನ್‌ಸ್ಟಾಲರ್ ಕೇಳುವವರೆಗೆ ಚುಚ್ಚಬೇಡಿ. ಮೊದಲೇ ಚುಚ್ಚಿದರೆ ವಿಂಡೋಸ್ ತನ್ನ ಸಾಮಾನ್ಯ ಡ್ರೈವರ್ ಹಾಕಿಕೊಂಡುಬಿಡುತ್ತದೆ. ಹಾಗಾಗಿದ್ದರೆ ವಿಂಡೋಸ್ ಸೆಟ್ಟಿಂಗ್ಸಿನ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ನಲ್ಲಿ ಪ್ರಿಂಟರನ್ನು ರಿಮೂವ್ ಮಾಡಿ, ಕೇಬಲ್ ಕಿತ್ತು, ರೀಸ್ಟಾರ್ಟ್ ಮಾಡಿ ಮೊದಲಿಂದ ಶುರುಮಾಡಿ. ಅದೇ ಪುಟದಲ್ಲಿ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಮುಟ್ಟಬೇಡಿ. ಅದನ್ನು ಹಾಕಿದರೆ ಕಂಪನಿಯ ಡ್ರೈವರುಗಳೆಲ್ಲ ಹೋಗುತ್ತವೆ, ಹಳೆಯ ಫೋಟೋ ಪ್ರಿಂಟರ್ ಕಾಣುವುದೇ ಇಲ್ಲ. "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್" ಎಂಬುದನ್ನು ಮಾತ್ರ ತೆಗೆದುಹಾಕಿ, ಇಲ್ಲವಾದರೆ ಒಮ್ಮೆ ಪಿಡಿಎಫ್ ಮಾಡಿದ್ದೇ ಸಾಕು, ಮುಂದಿನ ಫೋಟೋ ಕಾಗದಕ್ಕೆ ಬರುವ ಬದಲು ಫೈಲಾಗಿ ಕೂರುತ್ತದೆ.

ಹೊಸ ಲ್ಯಾಪ್‌ಟಾಪ್ ಎಸ್ ಮೋಡಿನಲ್ಲಿದ್ದರೆ (ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಮಾತ್ರ ಒಪ್ಪುವ ವಿಂಡೋಸ್) ಹೊರಗಿನ ಇನ್‌ಸ್ಟಾಲರ್ ಓಡುವುದಿಲ್ಲ. ಅದರಿಂದ ಹೊರಬರಲು ದುಡ್ಡಿಲ್ಲ, ಆದರೆ ಮತ್ತೆ ಒಳಹೋಗಲು ಆಗದು. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಲ್ಯಾಪ್‌ಟಾಪ್ ಆಗಿದ್ದರೆ ಪ್ರಿಂಟರ್ ಕೊಳ್ಳುವ ಮೊದಲೇ ಹೇಳಿ. ಆ ಚಿಪ್ಪಿಗೆಂದೇ ಮಾಡಿದ ಡ್ರೈವರ್ ಬೇಕು, ಎಲ್ಲ ಮಾಡೆಲಿಗೂ ಅದಿಲ್ಲ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುವವರು ಬಹಳ ಜನ, ಅದು ಸಂತೋಷದ ವಿಷಯ. ಹಳೆಯ ಪ್ರಿಂಟ್ ಪ್ರೋಗ್ರಾಮುಗಳು ಮಾತ್ರ ಆ ಹೆಸರನ್ನು ಪ್ರಶ್ನೆಚಿಹ್ನೆಗಳಾಗಿ ಓದಿ "ಫೈಲ್ ಸಿಗಲಿಲ್ಲ" ಎನ್ನುತ್ತವೆ. ಹೊಸ ಆವೃತ್ತಿ ಹಾಕಿ, ಇಲ್ಲವೇ ಪ್ರಿಂಟಿಗೆಂದು ಒಂದು ಇಂಗ್ಲಿಷ್ ಹೆಸರಿನ ಫೋಲ್ಡರ್ ಇಟ್ಟುಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಸಾಲನ್ನು ಫೋಟೋ ಮೇಲೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಅದನ್ನು ಯುನಿಕೋಡಿಗೆ ಬದಲಿಸಿ, ನಿರ್ಮಲಾ ಅಥವಾ ತುಂಗಾ ಫಾಂಟ್ ಹಾಕಿ.

ವೈಫೈ ಪ್ರಿಂಟರ್ "ಆಫ್‌ಲೈನ್" ಎಂದರೆ ಇತ್ತೀಚೆಗೆ ರೂಟರ್ ಬದಲಾಯಿತೇ ನೋಡಿ. ಎಲ್805 ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ, 5 ಗಿಗಾಹರ್ಟ್ಸ್ ಅದಕ್ಕೆ ಕಾಣದು. ಪ್ರಿಂಟ್ ಸಾಲಿನಲ್ಲಿ ಸಿಕ್ಕಿಕೊಂಡು ಡಿಲೀಟ್ ಆಗದಿದ್ದರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟಿನ ಸಾಲನ್ನು ನೋಡಿಕೊಳ್ಳುವ ಭಾಗ) ನಿಲ್ಲಿಸಿ, ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರನ್ನು ಖಾಲಿ ಮಾಡಿ, ಸ್ಪೂಲರ್ ಮತ್ತೆ ಶುರುಮಾಡಿ. ಫೋಲ್ಡರನ್ನೇ ಅಳಿಸಬೇಡಿ, ಒಳಗಿನ ಫೈಲುಗಳನ್ನು ಮಾತ್ರ.

ಪಾಸ್‌ಪೋರ್ಟ್ ಅಳತೆಯ ಫೋಟೋಗೆಂದು ಕ್ರ್ಯಾಕ್ ಮಾಡಿದ ಫೋಟೋಶಾಪ್ ಕೇಳುವವರಿಗೆ ಈಗಲೂ ಇಲ್ಲ ಎನ್ನುತ್ತೇವೆ. ಅದು ಕಾನೂನಿಗೆ ವಿರುದ್ಧ, ಅದರ ಜೊತೆ ಒಳನುಗ್ಗುವ ವೈರಸ್ ನಿಮ್ಮ ಬ್ಯಾಂಕಿನ ಪಾಸ್‌ವರ್ಡಿಗೂ ಕೈಹಾಕಬಲ್ಲದು. 35×45 ಮಿಲಿಮೀಟರಿನ 8 ಫೋಟೋ ಒಂದು 4×6 ಹಾಳೆಯಲ್ಲಿ ಕೂರುತ್ತವೆ. ಆ ಜೋಡಣೆಯನ್ನು ಗಿಂಪ್ ಎಂಬ ಪುಕ್ಕಟೆ ಫೋಟೋ ಪ್ರೋಗ್ರಾಮಿನಲ್ಲಿ ಒಮ್ಮೆ ಮಾಡಿಕೊಟ್ಟರೆ ಮುಂದೆ ನೀವು ಮುಖ ಬದಲಿಸಿದರಾಯಿತು. ಪಿಕಾಸಾ ಎಂಬ ಹಳೆಯ ಫೋಟೋ ಪ್ರೋಗ್ರಾಮಿನಲ್ಲೇ ಪ್ರಿಂಟ್ ತೆಗೆದು ರೂಢಿಯಾದವರಿಗೆ ಬೇಸರವಾಗುತ್ತದೆಂದು ಗೊತ್ತು, ನಮಗೂ ಅದು ಇಷ್ಟವಿತ್ತು. ಗೂಗಲ್ ಅದರ ಬೆಂಬಲವನ್ನು 2016ರ ಮಾರ್ಚಿನಲ್ಲೇ ನಿಲ್ಲಿಸಿದೆ. ಹೊಸ ಕಂಪ್ಯೂಟರಿಗೆ ಇನ್ನು ಹಾಕಿಕೊಡುವುದಿಲ್ಲ.

ದೂರದಿಂದ ನೋಡಿ ಸರಿಪಡಿಸಬೇಕಾದಾಗ ವಿಂಡೋಸಿನಲ್ಲೇ ಇರುವ ಕ್ವಿಕ್ ಅಸಿಸ್ಟ್ ಬಳಸುತ್ತೇವೆ. ನಾವು ಹೇಳುವ ಕೋಡನ್ನು ನೀವು ಹಾಕಿ, ಒಪ್ಪಿಗೆ ಕೊಟ್ಟ ಮೇಲೆಯೇ ನಿಮ್ಮ ಪರದೆ ನಮಗೆ ಕಾಣುತ್ತದೆ. ನೀವಾಗಿ ನಮ್ಮ ಅಂಗಡಿಗೆ ಫೋನ್ ಮಾಡಿದಾಗ ಮಾತ್ರ ಇದನ್ನು ಮಾಡಿ. "ಪ್ರಿಂಟರ್ ಕಂಪನಿಯಿಂದ" ಎಂದು ಯಾರಾದರೂ ತಾವೇ ಕರೆ ಮಾಡಿದರೆ ಫೋನ್ ಇಟ್ಟುಬಿಡಿ. ನಾವು ಎಂದೂ ಹಾಗೆ ಕರೆಯುವುದಿಲ್ಲ.

ಕಂಪ್ಯೂಟರ್ ಹೊತ್ತು ತರಲಾಗದ ಹಿರಿಯರು, ಮನೆಯಲ್ಲಿ ಒಬ್ಬರೇ ಇರುವವರು ಒಂದು ಮಾತು ಹೇಳಿ ಸಾಕು. ನಿಮ್ಮ ಊರಿನ ಕಡೆ ಬೇರೆ ಕೆಲಸಕ್ಕೆ ಬಂದ ದಿನ ನಿಮ್ಮ ಮನೆಗೂ ಬರುತ್ತೇವೆ, ಕಿಲೋಮೀಟರಿನ ಲೆಕ್ಕ ಹಾಕುವುದಿಲ್ಲ. ಫೋನ್ ಎತ್ತುವವರು ಇಲ್ಲಿಯವರೆಗೆ ಎತ್ತಿದವರೇ.

ಅಂಗಡಿಗೆ ಬರುವಾಗ ಲ್ಯಾಪ್‌ಟಾಪಿನ ಚಾರ್ಜರ್, ವಿಂಡೋಸಿನ ಪಾಸ್‌ವರ್ಡ್, ನೀವು ಮನೆಯಲ್ಲಿ ಬಳಸುವ ಕಾಗದದ 2 ಹಾಳೆ, ಸರಿ ಬಾರದ ಒಂದು ಪ್ರಿಂಟ್ ಮತ್ತು ಅದರ ಮೂಲ ಫೋಟೋ ತನ್ನಿ. ಡೆಸ್ಕ್‌ಟಾಪ್ ಆದರೆ ಸಿಪಿಯು ಒಂದೇ ಸಾಕು, ಮಾನಿಟರ್ ಇಲ್ಲಿದೆ. ಬೆಳಿಗ್ಗೆ 10ರಿಂದ 12ರವರೆಗೆ ಬಂದರೆ ಕಾಯುವುದು ಕಡಿಮೆ.

ನಿಮ್ಮ ವಿಶ್ವಾಸಿಗಳು,
ಅಂಗಡಿಯವರು, ಶಿರಸಿ