ಮಗಳಿಗೊಂದು ಪತ್ರ: ಮೊದಲು ದನ ಎಲ್ಲಿ ಕಟ್ಟುತ್ತಾರೆ ಕೇಳು

ನನ್ನವ್ವ,

ಸೆಮಿಸ್ಟರ್ ರಜೆಗೆ ಮನೆಗೆ ಬರದೆ ಕಾಲೇಜಿನವರ ಜೊತೆ ಭೀಮಾ ತೀರದ ಹಳ್ಳಿಗೆ, ನೆರೆಯಲ್ಲಿ ಬಿದ್ದ ಮನೆ ಕಟ್ಟಲು ಹೋಗ್ತೀನಿ ಅಂದೆ. ನಿಮ್ಮವ್ವನ ಮುಖ ಸಣ್ಣದಾಯಿತು, ನನಗೆ ಮಾತ್ರ ಎದೆ ತುಂಬಿ ಬಂತು. ನೀನು ಓದುತ್ತಿರುವುದು ಸಿವಿಲ್ ಇಂಜಿನಿಯರಿಂಗ್, ನಾನು ಗೋಡೆ ಕಟ್ಟುವ ಗೌಂಡಿ. ಪುಸ್ತಕದಲ್ಲಿ ಸಿಗದ ನಾಲ್ಕು ಮಾತು ನನ್ನ ಹತ್ತಿರ ಇವೆ. ಫೋನಿನಲ್ಲಿ ಹೇಳಿದರೆ ಗದ್ದಲದಲ್ಲಿ ಹೋಗುತ್ತದೆ ಅಂತ ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನೀನಿನ್ನೂ ಹೈಸ್ಕೂಲು. ಮಳೆ ಸುರಿದದ್ದು ಮೇಲೆ ಕಣಕುಂಬಿ, ಖಾನಾಪುರದ ಕಾಡಿನಲ್ಲಿ. ನವಿಲುತೀರ್ಥದ ಅಣೆಕಟ್ಟೆ ತುಂಬಿ ನೀರು ಬಿಟ್ಟ ಮೇಲೆ ಮುಳುಗಿದ್ದು ರಾಮದುರ್ಗ, ನರಗುಂದ, ಬಾದಾಮಿ ಕಡೆಯ ಹೊಳೆದಂಡೆಯ ಊರುಗಳು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳೆ ಬಂದಿತ್ತು. ಮಳೆಗಾಗಿ ಮುಗಿಲು ನೋಡುವ ಬೆಳವಲದ ಜನರ ಮನೆಯನ್ನು ಎಲ್ಲೋ ಬಿದ್ದ ಮಳೆ ಕೆಡವಿತು. ಆಗ ಹುಬ್ಬಳ್ಳಿಯಿಂದ ನಾವು ಕೆಲವು ಗೌಂಡಿಗಳು ವಾರದ ರಜೆಗೆ ಅಲ್ಲಿಗೆ ಹೋಗಿ ಕೂಲಿಯಿಲ್ಲದೆ ಕೆಲಸ ಮಾಡುತ್ತಿದ್ದೆವು.

ಮೊದಲು ನೋಡಿದ್ದು ಗೋಡೆಗಳನ್ನು. ಮಣ್ಣಿನ ಗೋಡೆ ನೀರು ನಿಂತಾಗಲೇ ಬೀಳುತ್ತದೆ ಅಂತಿಲ್ಲ. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲೆ ತೊಲೆ, ಜಂತಿ, ಮಣ್ಣು ಹಾಸಿದ ಮೇಲ್ಮುದ್ದೆಯ ಭಾರ. ಹೊಳೆ ಇಳಿದು ಬಿಸಿಲು ಬಿದ್ದ ಮೇಲೆ ಗೋಡೆ ಬಿರಿದು ಕೂರುತ್ತದೆ. ಎಷ್ಟೋ ಮನೆಗಳು ಜನ ಕಾಳಜಿ ಕೇಂದ್ರದಿಂದ ವಾಪಸು ಬಂದು ಕೆಸರು ಬಳಿಯುವಾಗಲೇ ಬಿದ್ದವು. ಹಾಗಾಗಿ ನಿಂತಿರುವ ಗೋಡೆ ನಂಬಿ ಅದರ ನೆರಳಲ್ಲಿ ಕೂರಬೇಡ. ಬುಡ ಹಸಿಯಾಗಿದೆಯೋ ಇಲ್ಲವೋ ಕೈಯಿಂದ ಮುಟ್ಟಿ ನೋಡು.

ಒಂದು ವಾಸನೆಯನ್ನು ನಾನು ಮರೆಯಲಾರೆ. ಒಂದು ಮನೆಯ ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ನೀರು ನುಗ್ಗಿ ಜೋಳವೆಲ್ಲ ಕೊಳೆತಿತ್ತು. ಹಗೇವಿನ ಬಾಯಿ ತೆಗೆದರೆ ಮೂಗು ಸುಟ್ಟುಹೋಗುವಂಥ ಹುಳಿ. ವರ್ಷದ ರೊಟ್ಟಿ ಅದು. ಮನೆಯಾಕೆ ಅಳಲಿಲ್ಲ, ಸೆರಗು ಮೂಗಿಗೆ ಕಟ್ಟಿಕೊಂಡು ಬುಟ್ಟಿ ತುಂಬಿ ಕೊಡುತ್ತಾ ಹೋದಳು, ನಾವು ಹೊರಗೆ ಸುರಿದೆವು. ಆ ದಿನ ನಾನು ಕರಣಿ ಮುಟ್ಟಲೇ ಇಲ್ಲ. ಆದರೂ ಆ ಮನೆ ಕಟ್ಟುವ ಕೆಲಸ ಶುರುವಾದದ್ದು ಅಲ್ಲಿಂದಲೇ ಅಂತ ನನ್ನ ಲೆಕ್ಕ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 2009ರ ನೆರೆಯ ನಂತರ ಸರ್ಕಾರ, ದಾನಿಗಳು ಸೇರಿ ಎತ್ತರದ ಜಾಗದಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ಒಳ್ಳೆಯ ಉದ್ದೇಶವೇ. ಆದರೆ ಹತ್ತು ವರ್ಷದ ಮೇಲೆ ನಾವು ಹೋದಾಗ ಎಷ್ಟೋ ಮನೆಗಳಿಗೆ ಬೀಗ, ಕೆಲವದರಲ್ಲಿ ದನದ ಮೇವಿನ ಕಣಿಕೆ ಒಟ್ಟಿದ್ದರು. ಜನ ಹಳೇ ಊರಲ್ಲೇ ಉಳಿದು ಮತ್ತೆ ಮುಳುಗಿದ್ದರು. ಸೊಕ್ಕಿನ ಜನ, ಕೊಟ್ಟದ್ದು ಬೇಡ ಅಂತಾರೆ ಅನ್ನುವವರನ್ನೂ ಕೇಳಿದೆ. ನನಗೆ ಸಿಟ್ಟು ಬರುತ್ತಿತ್ತು. ಒಬ್ಬ ಮುದುಕಿ ನನಗೆ ಹೇಳಿದಳು: "ದನಾ ಎಲ್ಲಿ ಕಟ್ಟಲೆಪ್ಪಾ? ನಾವು ಒಳಗ ಬೆಚ್ಚಗ ಮಲಗಿ ಅವನ್ನ ಮಳ್ಯಾಗ ನಿಲ್ಲಸ್ಲೇನು?" ನಮ್ಮ ಕಡೆ ಮನೆ ಅಂದರೆ ಬಾಗಿಲು ದಾಟಿದ ಕೂಡಲೇ ದನಕ್ಕೆ ಜಾಗ, ಎತ್ತರದ ಪಡಸಾಲಿಯಲ್ಲಿ ಮನುಷ್ಯರು, ಒಳಗೆ ಒಲೆ. ಎರಡು ಖೋಲಿ ಕಟ್ಟಿ ಕೀಲಿಕೈ ಕೊಟ್ಟರೆ ಎತ್ತು ಎಲ್ಲಿಗೆ ಹೋಗಬೇಕು? ಹೊಲ ಹಳೇ ಊರಿನ ಮಗ್ಗುಲಿಗೆ, ಮನೆ ದೂರಕ್ಕೆ ಆದರೆ ನಸುಕಿನಲ್ಲಿ ಹಾಲು ಹಿಂಡುವುದು ಯಾರು?

ಅದಕ್ಕೇ ಹೇಳುತ್ತೇನೆ, ನಕ್ಷೆ ಬಿಚ್ಚುವ ಮೊದಲು ಮನೆಯಾಕೆಯನ್ನು ಕೇಳು. ಒಲೆ ಎಲ್ಲಿ, ಹೊಗೆ ಎಲ್ಲಿಂದ ಹೋಗಬೇಕು, ಕಾಳು ಎಲ್ಲಿ ಇಡ್ತೀರಿ, ಬಾಣಂತಿ ಎಲ್ಲಿ ಮಲಗ್ತಾಳೆ. ಗಂಡಸರು ಮುಂದೆ ನಿಂತು ಉತ್ತರ ಕೊಡುತ್ತಾರೆ. ನೀನು ಹೆಣ್ಣುಮಗಳು, ಒಳಗೆ ಹೋಗಿ ಕೇಳಬಲ್ಲೆ. ನನಗೆ ಆ ಅನುಕೂಲ ಇರಲಿಲ್ಲ.

ಆ ಮುದುಕಿಯ ಮನೆ ಬಿದ್ದರೂ ಸಾಗವಾನಿಯ ತಲಬಾಗಿಲ ಚೌಕಟ್ಟು ಗಟ್ಟಿಯಾಗಿತ್ತು. ಮಾವ ಮಾಡಿಸಿದ್ದು, ಹೊಸ್ತಿಲ ನಡುವೆ ತುಳಿದು ತುಳಿದು ಸವೆದ ಗುಳಿ. ಹೊಸ ಮನೆಗೂ ಅದೇ ಬೇಕು ಅಂದಳು. ಅಳತೆ ಹಿಡಿದರೆ ಬಾಗಿಲ ಮೇಲೆ ಬರುವ ಲಿಂಟಲ್ ತೊಲೆಗಿಂತ ಎತ್ತರ. ಜೊತೆಗಿದ್ದವನೊಬ್ಬ ಚೌಕಟ್ಟಿನ ಕಾಲು ಕೊಯ್ಯೋಣ ಅಂದ. ನಾನು ಒಪ್ಪದೆ ಸುತ್ತ ಒಂದು ವರಸೆ ಇಟ್ಟಿಗೆ ಏರಿಸಿದೆ. ಖರ್ಚು ಸ್ವಲ್ಪ ಹೆಚ್ಚಾಯಿತು, ಆಗಲಿ.

ಗೋಡೆ ಕಟ್ಟುವುದನ್ನು ಊರಿನ ಗೌಂಡಿಗೆ ಬಿಡಿ. ನೆರೆಯಲ್ಲಿ ಅವನ ಮನೆಯೂ ಬಿದ್ದಿರುತ್ತದೆ, ಅವನ ಕೂಲಿ ಕಸಿಯಬಾರದು. ತಂಡಕ್ಕೆ ದುಡ್ಡು ಬಂದಿದ್ದರೆ ಅದರಲ್ಲಿ ಅವನಿಗೆ ಪಗಾರ ಕೊಡಿ. ನೀವು ಕೆಸರು ತೆಗೆಯಿರಿ, ಇಟ್ಟಿಗೆ ಹೊರಿರಿ, ಹೊತ್ತು ಹೊತ್ತಿಗೆ ಗೋಡೆಗೆ ನೀರು ಹೊಡೆಯಿರಿ. ಕಾಗದದ ಕೆಲಸವೂ ಬಹಳ ಇರುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತು, ಹಣ ಬಂದದ್ದು ಕಂತಿನಲ್ಲಿ, ಕೆಲಸದ ಫೋಟೋ ಏರಿಸಿದ ಹಾಗೆ. ಕೈಯಲ್ಲಿ ಕಾಸಿಲ್ಲದವರ ಪಾಯ ಪಾಯವಾಗಿಯೇ ಉಳಿಯಿತು. ಮನೆಯ ಉತಾರ, ಅಂದರೆ ಹಕ್ಕಿನ ಕಾಗದ, ಹೆಸರಿಗಿಲ್ಲದವರು, ಬಾಡಿಗೆಗಿದ್ದವರು ಕಚೇರಿಯಿಂದ ಕಚೇರಿಗೆ ಅಲೆದರು. ಅಂಥವರ ಜೊತೆ ಕೂತು ಅರ್ಜಿ ಬರೆದುಕೊಡುವ ಒಬ್ಬ ಹುಡುಗಿ ನಾಲ್ಕು ಗೌಂಡಿಗೆ ಸಮ.

ನೀನು ಹೋಗುವ ಭೀಮಾ ತೀರದ್ದು ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯದ ಗುಂಡಿಯಲ್ಲಿ ಗಟ್ಟಿ ನೆಲ ಸಿಗುವ ತನಕ ಅಗೆಸು, ಗರಸು ಮಣ್ಣು ತುಂಬಿ ನೀರು ಹಾಕಿ ಬಡಿಸಿ ಧಮ್ಮಸ್ಸು ಮಾಡಿಸು. ಪಾಯದ ಮೇಲೆ ಹಾಕುವ ಕಾಂಕ್ರೀಟ್ ಪಟ್ಟಿ, ಪ್ಲಿಂತ್ ಬೀಮ್, ಮೂಲೆಯಲ್ಲಿ ತುಂಡಾಗದೆ ಸುತ್ತ ಒಂದೇ ಆಗಿ ಓಡಬೇಕು. ಗುಡಿಯ ಗೋಡೆಯ ಮೇಲೆ ನೆರೆಯ ಗೆರೆ ಇದ್ದೇ ಇರುತ್ತದೆ, ಮನೆಯ ನೆಲ ಅದಕ್ಕಿಂತ ಮೇಲಿರಲಿ. ದುಡ್ಡು ಉಳಿಸಲು ಯಾರಾದರೂ ಇದನ್ನು ಬಿಡೋಣ ಅಂದರೆ ಒಪ್ಪಬೇಡ, ಜಗಳವಾದರೂ ಸರಿ.

ಹೋಗುವ ಮೊದಲು ಟಿಟಿ ಇಂಜೆಕ್ಷನ್ ಮಾಡಿಸಿಕೋ, ಕೆಸರಿನಲ್ಲಿ ಮೊಳೆ, ತಗಡು ಕಾಣುವುದಿಲ್ಲ. ದಪ್ಪ ಅಟ್ಟೆಯ ಬೂಟು ಹಾಕು. ನಿಮ್ಮವ್ವ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿದ್ದಾಳೆ, ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಕಾಂಕ್ರೀಟ್ ಸುರಿಯುವ ಮೊದಲು ಪಾಯದ ಗುಂಡಿಯ ಫೋಟೋ ನನಗೆ ಕಳಿಸು, ಪಕ್ಕದಲ್ಲಿ ಟೇಪು ಹಿಡಿದು ತೆಗೆ, ಆಳ ಕಾಣಬೇಕು.

ನಿನ್ನ
ಅಪ್ಪ