ಕತೆ ಹೇಳುತ್ತಿರುವುದು ಕುದುರೆ

ಪ್ರೀತಿಯ ತಮ್ಮನಿಗೆ,

ಜಾನ್ ಫೋರ್ಡ್ ನಿರ್ದೇಶಿಸಿದ 1925ರ ಮೂಕಿ ಚಿತ್ರ ‘ಕೆಂಟಕಿ ಪ್ರೈಡ್’ ಬಗ್ಗೆ ನೀನು ಬರೆದದ್ದನ್ನು ಓದಿದೆ. ಮೊದಲ ಮೂರು ಪುಟ ಬರೀ ಕತೆ. ಕುದುರೆಗಳ ಒಡೆಯ ಬೋಮಾಂಟ್ ಬಾಜಿಯಲ್ಲಿ ಮುಳುಗಿದ್ದು, ‘ವರ್ಜೀನಿಯಾಸ್ ಫ್ಯೂಚರ್’ ಎಂಬ ಹೆಣ್ಣು ಕುದುರೆ ಓಟದಲ್ಲಿ ಬಿದ್ದು ಕಾಲು ಮುರಿದುಕೊಂಡದ್ದು, ಎಲ್ಲ ಇದೆ. ಇದನ್ನು ನಮಗೆ ಹೇಳುತ್ತಿರುವವರು ಯಾರು ಎಂಬುದೊಂದೇ ಇಲ್ಲ. ಹೇಳುತ್ತಿರುವುದು ಆ ಕುದುರೆಯೇ. ನಡುನಡುವೆ ಬರುವ ಬರಹದ ಫಲಕಗಳು ಅದರ ಮಾತು. ಆ ಮೂರು ಪುಟವನ್ನು ಎಂಟು ಸಾಲಿಗೆ ಇಳಿಸಿ ಇಲ್ಲಿಂದ ಶುರು ಮಾಡು.

ಇನ್ನೊಮ್ಮೆ ನೋಡುವಾಗ ಹಾಳೆಯನ್ನು ಎರಡು ಭಾಗ ಮಾಡಿಕೋ. ಎಡಕ್ಕೆ ಫಲಕದ ಮಾತು, ಬಲಕ್ಕೆ ಅದರ ಬೆನ್ನಿಗೇ ಬರುವ ಚಿತ್ರ. ಎರಡೂ ಒಂದೇ ಸಂಗತಿ ಹೇಳುವ ಕಡೆ ನಿಲ್ಲಬೇಡ. ಕುದುರೆಗೆ ತಿಳಿಯದ್ದು ಪ್ರೇಕ್ಷಕನಿಗೆ ಕಾಣುವ ಜಾಗವಿದೆಯಲ್ಲ, ನಿನ್ನ ಲೇಖನ ಇರಬೇಕಾದದ್ದು ಅಲ್ಲಿ.

‘ಕುದುರೆಗಳು ಕೀಲಿಗೊಂಬೆಯಂತೆ ಓಡುತ್ತವೆ’ ಎಂದು ನಗಾಡಿದ್ದೀಯ. ಅದು ಫೋರ್ಡ್ ತಪ್ಪಲ್ಲದಿರಬಹುದು. 35 ಎಂ.ಎಂ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು, ಅಂದರೆ 16 ಬಿಡಿ ಚಿತ್ರ. ಸಾವಿರ ಅಡಿಯ ರೀಲು ಸೆಕೆಂಡಿಗೆ 16ರಂತೆ ಓಡಿದರೆ ಹದಿನಾರೂವರೆ ನಿಮಿಷಕ್ಕೂ ಹೆಚ್ಚು, 24ರಂತೆ ಓಡಿದರೆ ಹನ್ನೊಂದೇ ನಿಮಿಷ. ನಿಧಾನ ವೇಗದಲ್ಲಿ ತೆಗೆದದ್ದನ್ನು ಹೆಚ್ಚು ವೇಗದಲ್ಲಿ ಓಡಿಸಿದರೆ ಎಲ್ಲವೂ ಅವಸರವಾಗಿ ಕಾಣುತ್ತದೆ. ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸುವ ರೂಢಿಯಿದ್ದುದರಿಂದ ವೇಗ ಎಲ್ಲ ಕಡೆ ಒಂದೇ ಇರುತ್ತಿರಲಿಲ್ಲ. ಓಟದ ದೃಶ್ಯ ನೋಡಿ ತೀರ್ಮಾನಿಸಬೇಡ. ಜನ ಸುಮ್ಮನೆ ನಡೆಯುವ ದೃಶ್ಯ ನೋಡು. ಅವರ ಹೆಜ್ಜೆಯೂ ಟಕಟಕ ಎಂದರೆ ನೀನು ನೋಡಿದ ಪ್ರತಿಯ ವೇಗವೇ ತಪ್ಪು.

ಕಾಲು ಮುರಿದ ಕುದುರೆಗೆ ಗುಂಡಿಕ್ಕುವುದನ್ನು ‘ಕ್ರೌರ್ಯ’ ಎಂದು ಒಂದೇ ಪದದಲ್ಲಿ ಮುಗಿಸಿದ್ದು ಸಾಲದು. ಮೊಣಕಾಲಿನ ಕೆಳಗೆ ಅದಕ್ಕೆ ಮಾಂಸಖಂಡವೇ ಇಲ್ಲವೆನ್ನಬೇಕು: ಮೂಳೆ, ಸ್ನಾಯುರಜ್ಜು, ಚರ್ಮ, ಅಷ್ಟೆ. ಸುಮಾರು 450 ಕಿಲೋ ಮೈಭಾರ ಉಳಿದ ಕಾಲುಗಳ ಮೇಲೆ ಬಿದ್ದು ಅವುಗಳ ಗೊರಸೂ ಒಳಗೇ ಉರಿಯೂತಕ್ಕೆ ಸಿಗುತ್ತದೆ. ಆ ಕಾಲದ ಲಾಯದಲ್ಲಿ ಗುಂಡೇ ವಾಡಿಕೆ. ಇದನ್ನು ಹೇಳಿದರೆ ಮಾತ್ರ ನಟ ಜೆ. ಫ್ಯಾರೆಲ್ ಮ್ಯಾಕ್‌ಡೊನಾಲ್ಡ್ ಮಾಡಿದ ಪಾತ್ರ, ಕುದುರೆ ಪಳಗಿಸುವ ಡೊನೊವನ್, ಆ ಕುದುರೆಯನ್ನು ಉಳಿಸಿಕೊಂಡದ್ದರ ತೂಕ ಓದುಗನಿಗೆ ತಿಳಿಯುತ್ತದೆ. ಓಡಲಾರದ ಹೆಣ್ಣು ಕುದುರೆಗೂ ಮರಿ ಹಾಕುವ ಬೆಲೆ ಉಂಟು. ಮುಂದಿನ ಕತೆಯೆಲ್ಲ ನಿಂತಿರುವುದು ಅದರ ಮರಿ ‘ಕಾನ್ಫೆಡರಸಿ’ಯ ಮೇಲೆ. 21 ಓಟಗಳಲ್ಲಿ 20 ಗೆದ್ದು ತಳಿಗೆ ನಿಂತಿದ್ದ ನಿಜವಾದ ಓಟದ ಕುದುರೆ ‘ಮ್ಯಾನ್ ಓ ವಾರ್’ ಈ ಚಿತ್ರದಲ್ಲಿ ಕಾಣಿಸಿಕೊಂಡದ್ದನ್ನೂ ಇಲ್ಲೇ ಸೇರಿಸು. ಅಡಿಟಿಪ್ಪಣಿಗೆ ತಳ್ಳಿದ್ದು ಸರಿಯಲ್ಲ.

ಫರ್ಲಾಂಗ್ ಎಂದರೆ 220 ಗಜ, ತಿದ್ದಿಕೋ. ಜಾಕಿಯನ್ನು ಎರಡು ಕಡೆ ‘ಚಾಲಕ’ ಎಂದಿದ್ದೀಯ. ಅದೇನು ಲಾರಿಯೇ, ಮಾರಾಯ?

ತಿದ್ದಿದ ಪ್ರತಿಯ ಜತೆ ಆ ಎರಡು ಭಾಗದ ಹಾಳೆಯನ್ನೂ ಕಳಿಸು.

ನಿನ್ನ ಅಣ್ಣ